ನಡುವಿನಿಂದ ಓದುವ ಪತ್ತೇದಾರಿ ಕಾದಂಬರಿ

ಪತ್ತೇದಾರಿ ಮಾಲೆಯ ಮೊದಲ ಪುಸ್ತಕವೇ ಕೋಪರಖೈರಣೆಯಲ್ಲಿ ನಮಗೆ ಮೊದಲು ದೊರೆಯಬೇಕೆಂದಿಲ್ಲ. ಹಾಗೆಂದು ಓದನ್ನು ಮುಂದೂಡಬೇಕೆ? ಎನ್. ನರಸಿಂಹಯ್ಯನವರು 1952ರ ‘ಪತ್ತೇದಾರ ಪುರುಷೋತ್ತಮ’ದಿಂದ ತೊಡಗಿ ನೂರಾರು ಕಾದಂಬರಿಗಳನ್ನು ರಚಿಸಿದರು. ಎಲ್ಲವನ್ನೂ ಕ್ರಮದಿಂದಲೇ ಓದುವೆವೆಂದರೆ ಓದು ಆರಂಭವೇ ಆಗದು.

ಇಂಥ ಕೃತಿಗಳಲ್ಲಿ ಸಾಮಾನ್ಯವಾಗಿ ಎರಡು ಎಳೆಗಳಿರುತ್ತವೆ. ಅಪರಾಧದ ಎಳೆ ಆ ಪುಸ್ತಕದಲ್ಲಿಯೇ ಮುಗಿಯುತ್ತದೆ. ಪತ್ತೇದಾರನ ಬಾಳಿನ ಎಳೆ ಪುಸ್ತಕದಿಂದ ಪುಸ್ತಕಕ್ಕೆ ಸಾಗುತ್ತದೆ. ಕಾನನ್ ಡಾಯ್ಲರು 1893ರ ಕಥೆಯೊಂದರಲ್ಲಿ ಷೆರ್ಲಾಕ್ ಹೋಮ್ಸನು ಮಡಿದನೆಂದು ಬರೆದರು. ಆದರೂ 1901ರಲ್ಲಿ ಪತ್ರಿಕೆಯಲ್ಲಿ ಆರಂಭವಾದ ಬಾಸ್ಕರ್‌ವಿಲ್ ಬೇಟೆನಾಯಿಯ ಕಾದಂಬರಿಯಲ್ಲಿ, ಅವನ ಹಿಂದಿನ ಸಾಹಸವೆಂದು ಕಥೆ ಹೇಳಿದರು. ಅದನ್ನೇ ಮೊದಲು ಓದಿದವನಿಗೂ ಸಾವಿನ ರಹಸ್ಯ ಬಿಡಿಸಿಕೊಳ್ಳುತ್ತದೆ.

ಆದುದರಿಂದ, ವಿದ್ಯಾರ್ಥಿಮಿತ್ರರೇ, ಯಾರು, ಎಲ್ಲಿ, ಯಾವಾಗ ಎಂಬುದನ್ನು ಬರೆದಿಟ್ಟುಕೊಳ್ಳುತ್ತ ಓದಿರಿ. ತಿಳಿಯದ ಪೂರ್ವಕಥೆಯು ಹಿಂದಿನ ಪುಸ್ತಕವನ್ನು ಹುಡುಕಲು ಪ್ರೇರಣೆಯಾಗಲಿ.