ಒಂದು ಅಚ್ಚು, ಹಲವು ಪುಟಗಳು

1947ರ ಜುಲೈ ತಿಂಗಳಲ್ಲಿ ನಮ್ಮ ಈ ನಗರದಿಂದ, ಅಂದಿನ ಮದ್ರಾಸಿನಿಂದ, ಮಕ್ಕಳ ಮಾಸಪತ್ರಿಕೆಯೊಂದು ಹೊರಟಿತು. ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ ಅವರು ಸ್ಥಾಪಿಸಿದ ಆ ಪತ್ರಿಕೆಯು ಮೊದಲು ತೆಲುಗು, ತಮಿಳುಗಳಲ್ಲಿ ಬಂದು, ಬಳಿಕ ಕನ್ನಡದಲ್ಲಿಯೂ ‘ಚಂದಮಾಮ’ನಾಗಿ ಮಕ್ಕಳ ಕೈಸೇರಿತು. ಅದರಲ್ಲಿನ ಬೇತಾಳ ಕಥೆಗಳನ್ನು ನೆನೆಯೋಣ. ಪ್ರತಿ ಸಲವೂ ರಾಜನು ಮರದಿಂದ ಶವವನ್ನಿಳಿಸಿ ಹೆಗಲಿಗೇರಿಸಿ ನಡೆಯುವನು; ಶವದೊಳಗಿನ ಬೇತಾಳವು ಕಥೆ ಹೇಳಿ ಪ್ರಶ್ನೆ ಕೇಳುವುದು; ಉತ್ತರಕ್ಕಾಗಿ ರಾಜನು ಮೌನ ಮುರಿದೊಡನೆ ಶವವು ಮತ್ತೆ ಮರಕ್ಕೇರುವುದು. ಆದಿ ಅಂತ್ಯಗಳು ಬದಲಾಗವು. ನಡುವಿನ ಕಥೆ ಮಾತ್ರ ಹೊಸದು. ಆದರೂ ಓದುಗರಿಗೆ ಬೇಸರವಾಗಲಿಲ್ಲ. ಪರಿಚಿತ ಬಾಗಿಲಿನ ಒಳಗೆ ಹೊಸ ಕಥೆ ಅವರಿಗಾಗಿ ಕಾದಿರುತ್ತಿತ್ತು.

ಜಾಲತಾಣದ ಪುಟಗಳನ್ನು ಕಟ್ಟುವವರಿಗೂ ಇದೇ ತತ್ತ್ವವು ದಾರಿದೀಪ. ಎಲ್ಲ ಪುಟಗಳಿಗೂ ಸಮಾನವಾದ ಚೌಕಟ್ಟನ್ನು ಟೆಂಪ್ಲೇಟು ಎನ್ನುವರು. ನಾವು ಅದನ್ನು ಅಚ್ಚು ಎನ್ನೋಣ. ಸಂಕ್ರಾಂತಿಯ ಸಕ್ಕರೆ ಅಚ್ಚಿಗೂ ಇದಕ್ಕೂ ಒಂದು ಭೇದವುಂಟು. ಒಂದೇ ಸಕ್ಕರೆ ಅಚ್ಚಿನಿಂದ ಬಂದ ಗಿಣಿಗಳೆಲ್ಲ ಒಂದೇ ರೂಪದವು. ಪುಟದ ಅಚ್ಚಾದರೋ ಶಾಲೆಯ ಹೆಸರು, ವಿಷಯಸೂಚಿ, ಅಡಿಯ ವಿಳಾಸ ಮೊದಲಾದ ಸ್ಥಿರ ಭಾಗಗಳನ್ನು ಹಿಡಿದಿಟ್ಟು, ನಡುವೆ ಬರಹಕ್ಕೂ ಚಿತ್ರಕ್ಕೂ ಸ್ಥಳವನ್ನು ಬಿಡುತ್ತದೆ.

ಇದರ ಪ್ರಯೋಜನವೇನು? ನಾಲ್ವತ್ತು ಪುಟಗಳಲ್ಲಿ ವಿಳಾಸವನ್ನು ಬೇರೆ ಬೇರೆಯಾಗಿ ಬರೆದಿದ್ದೇವೆಂದು ಭಾವಿಸೋಣ. ಮದ್ರಾಸು ಚೆನ್ನೈ ಆದಂತೆ ಊರಿನ ಹೆಸರು ಬದಲಾದರೆ ನಾಲ್ವತ್ತು ಕಡೆ ತಿದ್ದಬೇಕು. ಒಂದನ್ನು ಮರೆತರೂ ಓದುಗನಿಗೆ ಸಂಶಯ ಹುಟ್ಟುವುದು. ಅಚ್ಚಿನಲ್ಲಾದರೆ ಒಂದೇ ತಿದ್ದುಪಡಿ ಸಾಕು. ಬಣ್ಣ, ಅಕ್ಷರದ ಗಾತ್ರ ಮೊದಲಾದ ರೂಪದ ನಿಯಮಗಳನ್ನೂ ಹೀಗೆಯೇ ಒಂದು ಪ್ರತ್ಯೇಕ ಕಡತದಲ್ಲಿಡಬಹುದು. ಅದಕ್ಕಾಗಿಯೇ ಇರುವುದು ಸಿ.ಎಸ್.ಎಸ್. ಎಂಬ ಭಾಷೆ. ಇದನ್ನು 1994ರಲ್ಲಿ ಹೋಕನ್ ವಿಯಮ್ ಲೀ ಎಂಬವರು ಸೂಚಿಸಿದರು. ಮದ್ರಾಸಿಗೆ ಚೆನ್ನೈ ಎಂಬ ಹೆಸರು ಅಧಿಕೃತವಾದ 1996ರಲ್ಲಿಯೇ ಅದರ ಮೊದಲ ಪ್ರಮಾಣರೂಪವೂ ಪ್ರಕಟವಾಯಿತು.

ಕನ್ನಡಿಗರಾದ ನಾವು ಇಲ್ಲಿ ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಸಿದ್ಧವಾಗಿ ದೊರೆಯುವ ಅಚ್ಚುಗಳಲ್ಲಿ ಹೆಚ್ಚಿನವು ಇಂಗ್ಲಿಷಿಗೆಂದು ಅಳತೆ ಮಾಡಿದವು. ‘ರಾಷ್ಟ್ರ’, ‘ಶಾಸ್ತ್ರ’ ಎಂಬ ಪದಗಳಲ್ಲಿ ಒತ್ತಿನ ಕೆಳಗೆ ಇನ್ನೊಂದು ಒತ್ತು ಇಳಿಯುವುದುಂಟು. ಸಾಲುಗಳ ಅಂತರ ಕಿರಿದಾದರೆ ಅದು ಕೆಳಗಿನ ಸಾಲಿನ ಗುಡಿಸು, ಕೊಂಬುಗಳಿಗೆ ತಾಗುವುದು, ಇಲ್ಲವೆ ತುಂಡಾಗಿ ಕಾಣುವುದು. ಆದುದರಿಂದ ಅಕ್ಷರದ ಗಾತ್ರ 16 ಪಿಕ್ಸೆಲ್ ಇದ್ದರೆ ಸಾಲಿನ ಎತ್ತರವನ್ನು ಸುಮಾರು 28ಕ್ಕೆ ಏರಿಸುವುದು ಒಳ್ಳೆಯದು. ‘ವಿದ್ಯಾರ್ಥಿನಿಯರಿಗಾಗಿ’ ಎಂಬಂತಹ ದೀರ್ಘಪದವು ಶೀರ್ಷಿಕೆಯ ಸ್ಥಳದಲ್ಲಿ ಹಿಡಿಸುವುದೇ ಎಂದು ಸಣ್ಣ ಫೋನಿನಲ್ಲಿಯೂ ಪರೀಕ್ಷಿಸಬೇಕು. ಬೀದಿಯಲ್ಲಿ ತಮಿಳನ್ನೂ ಪರದೆಯ ಮೇಲೆ ಇಂಗ್ಲಿಷನ್ನೂ ಕಾಣುವ ನಮ್ಮ ಮಕ್ಕಳಿಗೆ ಕನ್ನಡದ ಪುಟವೊಂದು ಒಡಕಾಗಿ ಕಂಡರೆ, ಅವರು ಪುಟವನ್ನಷ್ಟೇ ಅಲ್ಲ, ಭಾಷೆಯನ್ನೇ ಓದಲು ಕಷ್ಟವಾದುದೆಂದು ತಿಳಿದು ಬಿಟ್ಟುಬಿಡಬಹುದು.

ಅಚ್ಚು ಎಷ್ಟೇ ಸುಂದರವಾಗಿದ್ದರೂ ಅದು ಬರಹಕ್ಕೆ ಬದಲಾಗಲಾರದು. ಪ್ರತಿ ಪುಟದಲ್ಲಿಯೂ ‘ಸುಸ್ವಾಗತ’ ಎಂದೇ ಬರೆದರೆ ಯಾರೂ ನಿಲ್ಲರು. ‘ವಿಜ್ಞಾನ ಸಂಘ’ ಎಂಬ ಶೀರ್ಷಿಕೆಗಿಂತ ‘ಮೆರೀನಾದ ಮರಳಿನಲ್ಲಿ ನಾವು ಕಂಡ ಏಡಿಗಳು’ ಎಂಬುದು ಓದುಗನನ್ನು ಕರೆಯುತ್ತದೆ. ಚಿತ್ರವು ಅಲಂಕಾರಕ್ಕಲ್ಲದೆ ವಿಷಯಕ್ಕೆ ಸೇರಿದುದಾಗಿರಲಿ. ಕಣ್ಣು ಕಾಣದವರಿಗೆ ಯಂತ್ರವು ಓದಿ ಹೇಳುವಂತೆ ಅದರ ವಿವರಣೆಯನ್ನೂ ಜೊತೆಗೆ ಬರೆಯಬೇಕು. ಅಚ್ಚು ಉಳಿಸಿಕೊಟ್ಟ ಹೊತ್ತನ್ನು ಈ ಕೆಲಸಗಳಿಗೆ ವಿನಿಯೋಗಿಸಿದಾಗಲೇ ಅದರ ಉದ್ದೇಶ ಸಾರ್ಥಕವಾಗುವುದು.

ಅಭ್ಯಾಸ: ಕಂಪ್ಯೂಟರಿನ ಮುಂದೆ ಕೂಡುವ ಮೊದಲು ಒಂದು ಹಾಳೆಯ ಮೇಲೆ ನಿಮ್ಮ ತರಗತಿಯ ಪುಟವನ್ನು ಗೆರೆಗಳಿಂದ ಬರೆಯಿರಿ. ಎಲ್ಲ ತರಗತಿಗಳಿಗೂ ಸಮಾನವಾದ ಭಾಗಗಳಿಗೆ ಬಣ್ಣ ಹಚ್ಚಿರಿ. ಬಣ್ಣವಿಲ್ಲದೆ ಉಳಿದ ಸ್ಥಳದಲ್ಲಿ ನಿಮ್ಮ ತರಗತಿಯವರು ಮಾತ್ರ ಹೇಳಬಲ್ಲ ಒಂದು ಸಂಗತಿಯನ್ನು ಐದು ವಾಕ್ಯಗಳಲ್ಲಿ ಬರೆಯಿರಿ.