ಬಾಣಂತಿಯ ಮನಸ್ಸು ಮತ್ತು ಮನೆಯ ವಾತಾವರಣ



ಬಾಣಂತಿಯ ದೇಹಕ್ಕೆ ನಮ್ಮ ಮನೆಗಳಲ್ಲಿ ಎಣ್ಣೆನೀರು, ಬಿಸಿಯೂಟ, ಬೆಚ್ಚನೆಯ ಹಾಸಿಗೆ ಎಲ್ಲವೂ ಉಂಟು. ಆಕೆಯ ಮನಸ್ಸಿಗೆ ಬೇಕಾದ ಆರೈಕೆಯನ್ನು ಮಾತ್ರ ಅನೇಕ ವೇಳೆ ಮರೆಯುತ್ತೇವೆ.

ಹೆರಿಗೆಯಾದ ಮೂರು-ನಾಲ್ಕು ದಿನಗಳಲ್ಲಿ ಅನೇಕ ತಾಯಂದಿರಿಗೆ ಕಾರಣವಿಲ್ಲದೆ ಅಳು ಬರುವುದುಂಟು. ಇದು ಸಾಮಾನ್ಯವಾಗಿ ಎರಡು ವಾರಗಳೊಳಗೆ ತಾನಾಗಿಯೇ ಶಮನವಾಗುತ್ತದೆ. ಆದರೆ ದುಃಖವು ಅದನ್ನೂ ಮೀರಿ ಉಳಿದರೆ, ಊಟ ನಿದ್ರೆಗಳು ಕೆಟ್ಟರೆ, ಮಗುವಿನ ಮೇಲೆ ಆಸಕ್ತಿ ಕುಂದಿದರೆ, ಅದು ಖಿನ್ನತೆ ಎಂಬ ಕಾಯಿಲೆಯಿರಬಹುದು. ಅದು ಸೋಮಾರಿತನವಲ್ಲ, ದೆವ್ವದ ಕಾಟವೂ ಅಲ್ಲ.

ಈ ಕಾಯಿಲೆಗೆ ಸುತ್ತಲಿನವರ ನಡೆನುಡಿಯೂ ಕಾರಣವಾಗಬಲ್ಲುದು. ಗೋವಾದ ಬಾಣಂತಿಯರನ್ನು ಕುರಿತು 2002ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹೆರಿಗೆಯಾದ 6ರಿಂದ 8 ವಾರಗಳಲ್ಲಿ ನೂರಕ್ಕೆ 23 ತಾಯಂದಿರಲ್ಲಿ ಖಿನ್ನತೆ ಕಂಡುಬಂದಿತು. ಬಡತನ, ಗಂಡನ ಹಿಂಸೆ, ಗಂಡುಮಗು ಬೇಕೆಂದಿದ್ದಾಗ ಹೆಣ್ಣು ಹುಟ್ಟಿದುದು, ಇವು ಈ ಅಪಾಯವನ್ನು ಹೆಚ್ಚಿಸಿದ್ದವು.

ಮಗುವಿಗೆ ಆರನೆಯ ವಾರದ ಚುಚ್ಚುಮದ್ದು ಹಾಕಿಸಲು ಬಂದ ತಾಯಿಯೊಬ್ಬಳು ತಲೆಯೆತ್ತದೆ ಕುಳಿತಿದ್ದಳು. ಎರಡನೆಯದೂ ಹೆಣ್ಣಾಯಿತೆಂದು ಗಂಡನು ತವರಿಗೆ ಬಂದು ಮಗುವಿನ ಮುಖವನ್ನೂ ನೋಡಿರಲಿಲ್ಲ. ಚಿಕಿತ್ಸೆ ಆರಂಭಿಸಿ, ಆತನಿಗೆ ಹೇಳಿಕಳುಹಿಸಿದೆನು. ಮಗು ಗಂಡೋ ಹೆಣ್ಣೋ ಎಂಬುದು ತಂದೆಯ ವೀರ್ಯಾಣುವಿನಿಂದ ನಿರ್ಧಾರವಾಗುತ್ತದೆಂದು ವಿವರಿಸಿದಾಗ, "ಹಾಗಾದರೆ ಅವಳ ತಪ್ಪಿಲ್ಲವೇ ಡಾಕ್ಟರೇ?" ಎಂದನು. "ಅವಳದೂ ಇಲ್ಲ, ನಿನ್ನದೂ ಇಲ್ಲ. ಇದು ತಪ್ಪೇ ಅಲ್ಲ" ಎಂದೆನು. ಹದಿನಾಲ್ಕನೆಯ ವಾರದ ಚುಚ್ಚುಮದ್ದಿಗೆ ಮಗುವನ್ನು ಎತ್ತಿಕೊಂಡು ಬಂದವನು ಆತನೇ. ಪಕ್ಕದಲ್ಲಿದ್ದ ತಾಯಿ ಅಂದು ನನ್ನೊಡನೆ ತಾನಾಗಿಯೇ ಮಾತನಾಡಿದಳು.

ಆದುದರಿಂದ, ಪತಿಯಾದವರು ದಿನಕ್ಕೊಮ್ಮೆಯಾದರೂ ಪತ್ನಿಯ ಬಳಿ ಕುಳಿತು ಆಕೆಯ ಮಾತನ್ನು ಆಲಿಸಿರಿ. ರಾತ್ರಿ ಮಗು ಅತ್ತರೆ ತಾವೂ ಎತ್ತಿಕೊಳ್ಳಿರಿ. ಮನೆಯಲ್ಲಿ ಕೊಂಕುಮಾತು ಕೇಳಿಬಂದರೆ ಸುಮ್ಮನಿರದೆ ತಡೆಯಿರಿ. ತಾಯಂದಿರೇ, ಮನಸ್ಸಿನ ಭಾರವನ್ನು ಮುಚ್ಚಿಡದೆ ಆಶಾ ಕಾರ್ಯಕರ್ತೆಗೆ ಅಥವಾ ವೈದ್ಯರಿಗೆ ತಿಳಿಸಿರಿ. 14416 ಸಂಖ್ಯೆಯ ಟೆಲಿ-ಮನಸ್ ಸಹಾಯವಾಣಿಯಲ್ಲಿ ಹಗಲಿರುಳೂ ಉಚಿತವಾಗಿ ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ.

ಬಾಣಂತಿಯು ಸಾಯುವ ಮಾತನ್ನಾಡಿದರೆ, ಮಗುವಿಗೆ ಅಪಾಯವಾಗುವಂತೆ ನಡೆದುಕೊಂಡರೆ, ಇಲ್ಲದ ಧ್ವನಿಗಳು ಕೇಳಿಸುತ್ತವೆಂದರೆ, ಆಕೆಯನ್ನು ಒಂಟಿಯಾಗಿ ಬಿಡದೆ ಕೂಡಲೇ ಆಸ್ಪತ್ರೆಗೆ ಕರೆತನ್ನಿರಿ. ಈ ಕಾಯಿಲೆಗೆ ಚಿಕಿತ್ಸೆಯುಂಟು. ಆದರೆ ಔಷಧದೊಡನೆ ಮನೆಯವರ ಒಳ್ಳೆಯ ಮಾತೂ ಸೇರಬೇಕು.