ಮಾರಿದ ಮೇಲೆ ಮುಖ ತಿರುಗಿಸುವ ಯಂತ್ರದಂಗಡಿ: ಗಡಿ ತಾಲೂಕುಗಳಿಂದ ಕಲಿಯಬೇಕಾದ ಪಾಠ

(ಸದಸ್ಯ ಶಿಕ್ಷಣ ಪಾಠ)



ಆಳುಗಳ ಅಭಾವ ಹೆಚ್ಚಿದಂತೆ ಸಣ್ಣ ಬೆಳೆಗಾರರ ಮನೆಯ ಜಗಲಿಯಲ್ಲಿಯೂ ಯಂತ್ರಗಳು ಬಂದು ಕುಳಿತಿವೆ. ಹುಲ್ಲು ಕತ್ತರಿಸುವ ಯಂತ್ರ, ಮದ್ದು ಹೊಡೆಯುವ ಪಂಪು, ಮರ ಕೊಯ್ಯುವ ಗರಗಸ, ಗುಂಡಿ ತೋಡುವ ಯಂತ್ರ, ಪವರ್ ಟಿಲ್ಲರ್ ಇವು ಈಗ ಯಾರಿಗೂ ಹೊಸತಲ್ಲ. ಕೊಳ್ಳುವ ದಿನ ಅಂಗಡಿಯವರು ಕುರ್ಚಿ ಕೊಟ್ಟು ಚಹಾ ತರಿಸುತ್ತಾರೆ. ಯಂತ್ರ ಕೆಟ್ಟ ದಿನ ಮಾತ್ರ ‘ಮೆಕ್ಯಾನಿಕ್ ಊರಲ್ಲಿಲ್ಲ’, ‘ಬಿಡಿಭಾಗ ಬರಬೇಕು’, ‘ಕಂಪನಿಯವರನ್ನೇ ಕೇಳಿ’ ಎಂಬ ಮೂರು ಉತ್ತರಗಳಲ್ಲಿ ಒಂದು ಸಿಗುತ್ತದೆ.

ಇದು ಬರಿಯ ಬೇಸರದ ವಿಷಯವಲ್ಲ. ಅಡಿಕೆಗೆ ಕೊಳೆರೋಗ ಬಾರದಂತೆ ಶೇಕಡಾ 1ರ ಬೋರ್ಡೋ ದ್ರಾವಣವನ್ನು ಮುಂಗಾರು ಹಿಡಿಯುವ ಮುನ್ನ ಒಮ್ಮೆ, ಅನಂತರ 40-45 ದಿನಗಳೊಳಗೆ ಮತ್ತೊಮ್ಮೆ ಸಿಂಪಡಿಸಬೇಕು. ಮಳೆ ಬಿಡುವು ಕೊಡುವ ನಾಲ್ಕು ದಿನಗಳಲ್ಲಿ ಪಂಪು ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದರೆ ನಷ್ಟವಾಗುವುದು ಪಂಪಿನ ಬೆಲೆಯಲ್ಲ, ವರ್ಷದ ಬೆಳೆ. ಆದುದರಿಂದ ಮಾರಾಟದ ನಂತರದ ಸೇವೆಯನ್ನು ಹೇಗೆ ಕೇಳಿ ಪಡೆಯಬೇಕೆಂಬುದನ್ನು ಈ ಪಾಠದಲ್ಲಿ ವಿಚಾರ ಮಾಡೋಣ.

ಈ ಐದು ತಾಲೂಕುಗಳೇ ಏಕೆ?

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳು ಅಡಿಕೆ ಕಾಫಿಯ ಸೀಮೆಯಲ್ಲ. ಅಲ್ಲಿಯದು ಕೃಷ್ಣಾ ತೀರದ ಕಬ್ಬು, ನಿಪ್ಪಾಣಿಯ ತಂಬಾಕು, ಅಥಣಿಯ ದ್ರಾಕ್ಷಿ. ಆದರೂ ಅಲ್ಲಿನ ರೈತರ ಕಷ್ಟ ನಮಗೆ ಪಾಠವಾಗುತ್ತದೆ. ದ್ರಾಕ್ಷಿಯವರಿಗೆ ಅಕ್ಟೋಬರ್ ಚಾಟನಿಯ ನಂತರ ಬೂಜು ರೋಗದ ಭಯ. ಆಗ ಸಿಂಪರಣಾ ಯಂತ್ರ ವಾರ ನಿಂತರೆ ನಮಗೆ ಜೂನ್ ತಿಂಗಳಲ್ಲಿ ಪಂಪು ನಿಂತಂತೆಯೇ.

ಇನ್ನೊಂದು ಮುಖ್ಯ ಸಂಗತಿ, ಅಲ್ಲಿನ ಪೇಟೆ. ನಿಪ್ಪಾಣಿಯವರಿಗೆ ಬೆಳಗಾವಿಗಿಂತ ಕೊಲ್ಹಾಪುರ ಹತ್ತಿರ. ಕಾಗವಾಡ, ಅಥಣಿಯವರಿಗೆ ಮಿರಜ್ ಮತ್ತು ಸಾಂಗ್ಲಿ ಹತ್ತಿರ. ರಾಯಬಾಗದವರು ರೈಲು ಹತ್ತಿದರೆ ಮಿರಜಿನಲ್ಲಿ ಇಳಿಯುತ್ತಾರೆ. ಹೀಗಾಗಿ ಕೊಳ್ಳುವವರು ಕರ್ನಾಟಕದವರು, ಅಂಗಡಿ ಮಹಾರಾಷ್ಟ್ರದ್ದು, ಯಂತ್ರ ಮಾಡಿದ ಕಂಪನಿ ಇನ್ನೆಲ್ಲಿಯದೋ. ಕೆಟ್ಟಾಗ ‘ನಿಮ್ಮ ರಾಜ್ಯದ ಡೀಲರ ಹತ್ತಿರ ಹೋಗಿ’ ಎಂದು ಇವರು, ‘ಕೊಂಡಲ್ಲಿಯೇ ಕೇಳಿ’ ಎಂದು ಅವರು ಹೇಳಿದರೆ ರೈತರು ಗಡಿಯ ಮೇಲೆ ನಿಲ್ಲಬೇಕಾಗುತ್ತದೆ. ಮಂಗಳೂರಿನಲ್ಲಿ ಯಂತ್ರ ಕೊಳ್ಳುವ ಕಾಸರಗೋಡಿನ ಅಡಿಕೆ ಬೆಳೆಗಾರರದೂ ಇದೇ ಸ್ಥಿತಿ.

1986ರ ಗ್ರಾಹಕರ ರಕ್ಷಣಾ ಕಾಯ್ದೆಯ ಪ್ರಕಾರ ಎದುರು ಪಕ್ಷದವರು ವ್ಯವಹಾರ ನಡೆಸುವ ಅಥವಾ ವ್ಯಾಜ್ಯದ ಕಾರಣ ಉಂಟಾದ ಜಿಲ್ಲೆಯಲ್ಲಿ ದೂರು ಕೊಡಬೇಕಾಗಿತ್ತು. ಅದರ ಬದಲು ಬಂದ 2019ರ ಕಾಯ್ದೆಯು 2020ರ ಜುಲೈ 20ರಿಂದ ಜಾರಿಯಾಗಿದೆ. ಇದರ 34ನೆಯ ಕಲಮಿನಂತೆ ದೂರುದಾರರು ತಾವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು. ಮಿರಜಿನಲ್ಲಿ ಕೊಂಡ ಯಂತ್ರದ ಬಗೆಗೆ ಕಾಗವಾಡದ ರೈತರು ಬೆಳಗಾವಿಯ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರು ಹೂಡಬಹುದು. ಗಡಿಯ ನೆಪ ಈಗ ನಡೆಯುವುದಿಲ್ಲ. ಆದರೆ ಕೈಯಲ್ಲಿ ಕಾಗದವಿಲ್ಲದಿದ್ದರೆ ಈ ಹಕ್ಕು ಉಪಯೋಗಕ್ಕೆ ಬಾರದು. ಪಾಠದ ತಿರುಳು ಇದೇ.

ಕೊಳ್ಳುವ ದಿನದ ಕೆಲಸ

ಜಗಳದ ಅರ್ಧ ಭಾಗ ಕೊಳ್ಳುವ ದಿನವೇ ತೀರ್ಮಾನವಾಗಿರುತ್ತದೆ. ಈ ಕೆಳಗಿನವುಗಳನ್ನು ತಪ್ಪದೆ ಮಾಡಬೇಕು.

1. ಜಿ.ಎಸ್.ಟಿ. ಸಂಖ್ಯೆಯಿರುವ ಪಕ್ಕಾ ಬಿಲ್ಲು ಪಡೆಯಿರಿ. ‘ಬಿಲ್ಲು ಬೇಡವೆಂದರೆ ಸ್ವಲ್ಪ ಬಿಡುತ್ತೇವೆ’ ಎಂಬ ಮಾತಿಗೆ ಮರುಳಾಗಬಾರದು. ಬಿಲ್ಲು ಕೊಡದಿರುವುದನ್ನೇ 2019ರ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎಂದು ಕರೆದಿದೆ.

2. ಯಂತ್ರದ ಮಾದರಿ ಮತ್ತು ಅದರ ಮೇಲೆ ಒತ್ತಿರುವ ಕ್ರಮಸಂಖ್ಯೆ ಬಿಲ್ಲಿನಲ್ಲಿಯೂ ವಾರಂಟಿ ಕಾರ್ಡಿನಲ್ಲಿಯೂ ಇವೆಯೇ ಎಂದು ಅಲ್ಲಿಯೇ ತಾಳೆ ನೋಡಿರಿ. ಕಾರ್ಡಿಗೆ ಅಂಗಡಿಯ ಮೊಹರು, ಸಹಿ ಮತ್ತು ತಾರೀಖು ಇರಬೇಕು.

3. ವಾರಂಟಿ ಎಷ್ಟು ತಿಂಗಳು, ಯಾವ ಭಾಗಗಳಿಗೆ ಎಂದು ಓದಿಸಿ ಕೇಳಿರಿ. ಪ್ಲಗ್ಗು, ಫಿಲ್ಟರು, ಬ್ಲೇಡು, ನೈಲಾನ್ ದಾರ, ಸ್ಟಾರ್ಟರ್ ಹಗ್ಗ ಮುಂತಾದ ಸವೆಯುವ ಭಾಗಗಳು ಸಾಮಾನ್ಯವಾಗಿ ವಾರಂಟಿಗೆ ಸೇರುವುದಿಲ್ಲ. ಬಾಡಿಗೆಗೆ ಓಡಿಸಿದರೆ ವಾರಂಟಿ ಇದೆಯೇ ಎಂಬುದನ್ನೂ ಕೇಳಿ ತಿಳಿಯಿರಿ.

4. ರಿಪೇರಿ ಮಾಡುವವರು ಯಾರು, ಎಲ್ಲಿ, ಬಿಡಿಭಾಗ ಎಷ್ಟು ದಿನದಲ್ಲಿ ಬರುತ್ತದೆ ಎಂದು ಕೇಳಿ, ಉತ್ತರವನ್ನು ಬಿಲ್ಲಿನ ಹಿಂದೆ ಬರೆಸಿಕೊಳ್ಳಿರಿ. ಬರೆಯಲು ಒಪ್ಪದ ಅಂಗಡಿಯವರು ಮುಂದೆ ಮಾಡಿಕೊಡಲೂ ಒಪ್ಪುವುದಿಲ್ಲ.

ನೂರಿನ್ನೂರು ರೂಪಾಯಿ ಅಗ್ಗವೆಂದು ಐವತ್ತು ಮೈಲಿ ದೂರದ ಅಂಗಡಿಗೆ ಹೋಗುವ ಮುನ್ನ, ಯಂತ್ರವನ್ನು ಮೂರು ಬಾರಿ ಹೊತ್ತು ತಿರುಗುವ ಖರ್ಚನ್ನೂ ಲೆಕ್ಕ ಹಾಕಬೇಕು.

ನಮ್ಮ ಕಡೆಯ ಹೊಣೆ

ವಾರಂಟಿಯನ್ನು ತಳ್ಳಿಹಾಕಲು ಅಂಗಡಿಯವರು ಹುಡುಕುವ ಮೊದಲ ಕಾರಣ ‘ನೀವು ಸರಿಯಾಗಿ ಉಪಯೋಗಿಸಿಲ್ಲ’ ಎಂಬುದು. ಅದಕ್ಕೆ ಎಡೆ ಕೊಡಬಾರದು.

ಟೂ-ಸ್ಟ್ರೋಕ್ ಇಂಜಿನ್ನಿಗೆ ಪೆಟ್ರೋಲಿನಲ್ಲಿ ಎಣ್ಣೆ ಬೆರೆಸಬೇಕಾದ ಪ್ರಮಾಣ ಎಲ್ಲ ಯಂತ್ರಗಳಿಗೂ ಒಂದೇ ಅಲ್ಲ. ಕೈಪಿಡಿಯಲ್ಲಿ ಲೀಟರಿಗೆ ಎಷ್ಟು ಮಿ.ಲೀ. ಎಂದಿದೆಯೋ ಅಷ್ಟನ್ನೇ ಅಳತೆ ಲೋಟದಲ್ಲಿ ಅಳೆದು ಹಾಕಬೇಕು. ಎಣ್ಣೆ ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಹಾಗೆ ಹಿಡಿದ ಪಿಸ್ಟನ್ನಿಗೆ ಯಾವ ಕಂಪನಿಯೂ ಸುಲಭವಾಗಿ ವಾರಂಟಿ ಕೊಡುವುದಿಲ್ಲ. ಎಣ್ಣೆ ಕೊಂಡ ಚೀಟಿಯನ್ನು ಇಟ್ಟುಕೊಳ್ಳುವುದು ಒಳ್ಳೆಯದು.

ಈಗ ಬಂಕುಗಳಲ್ಲಿ ಸಿಗುವುದು ಎಥೆನಾಲ್ ಬೆರೆತ ಪೆಟ್ರೋಲು. ಎಥೆನಾಲಿಗೆ ತೇವವನ್ನು ಹೀರುವ ಗುಣವಿದೆ. ಹಂಗಾಮು ಮುಗಿದ ಮೇಲೆ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಪೆಟ್ರೋಲು ಬಿಟ್ಟರೆ ಕಾರ್ಬೊರೇಟರು ಕಟ್ಟಿಕೊಳ್ಳುವ ಸಂಭವ ಹೆಚ್ಚು. ಟ್ಯಾಂಕು ಖಾಲಿ ಮಾಡಿ, ತಾನಾಗಿ ನಿಲ್ಲುವವರೆಗೆ ಇಂಜಿನ್ ಓಡಿಸಿ ಒಳಗಿಡಿರಿ. ಏರ್ ಫಿಲ್ಟರನ್ನು ಹೇಳಿದ ಅವಧಿಗೆ ಶುಚಿ ಮಾಡಿರಿ. ವಾರಂಟಿ ಇರುವಾಗ ಅಂಗಡಿಗೆ ಲಿಖಿತವಾಗಿ ತಿಳಿಸದೆ ಹೊರಗಿನ ಮೆಕ್ಯಾನಿಕ್ಕರಿಂದ ಇಂಜಿನ್ ಬಿಚ್ಚಿಸಬೇಡಿರಿ. ಇವೆಲ್ಲವನ್ನೂ ತಾರೀಖು ಸಹಿತ ಒಂದು ನೋಟ್ ಪುಸ್ತಕದಲ್ಲಿ ಬರೆದಿಟ್ಟರೆ ಅದೇ ನಮ್ಮ ಸಾಕ್ಷಿ.

ದೋಷ ಬೇರೆ, ಸೇವೆಯ ಕೊರತೆ ಬೇರೆ

ಯಂತ್ರ ತಯಾರಾಗುವಾಗಲೇ ಇರುವ ಕುಂದು ‘ದೋಷ’. ಒಪ್ಪಿದ ರಿಪೇರಿಯನ್ನು ಮಾಡದಿರುವುದು, ವೃಥಾ ತಡ ಮಾಡುವುದು ‘ಸೇವೆಯ ನ್ಯೂನತೆ’. ದೋಷವನ್ನು ಸಿದ್ಧಪಡಿಸಲು ಬಹುಮಟ್ಟಿಗೆ ತಜ್ಞರ ಪರೀಕ್ಷೆ ಬೇಕು. ಆಯೋಗವು ವಸ್ತುವನ್ನು ಪರೀಕ್ಷೆಗೆ ಕಳುಹಿಸಲು ಕಾಯ್ದೆಯಲ್ಲಿ ಅವಕಾಶವಿದೆ. ನ್ಯೂನತೆಯನ್ನು ತೋರಿಸಲು ತಾರೀಖುಗಳೇ ಮುಖ್ಯ ಆಧಾರ: ಯಂತ್ರ ಒಪ್ಪಿಸಿದ ದಿನ, ಮರಳಿ ಕೊಟ್ಟ ದಿನ, ಮತ್ತೆ ಕೆಟ್ಟ ದಿನ. ‘ಯಂತ್ರವೇ ಸರಿಯಿಲ್ಲ’ ಎಂದಷ್ಟೇ ವಾದಿಸಿ ಕೈಸೋಲುವುದಕ್ಕಿಂತ ‘ಇಷ್ಟು ದಿನ ಇಟ್ಟುಕೊಂಡು ರಿಪೇರಿ ಮಾಡಿಕೊಡಲಿಲ್ಲ’ ಎಂಬುದನ್ನೂ ದೂರಿನಲ್ಲಿ ಸೇರಿಸಬೇಕು.

ಯಂತ್ರ ಕೆಟ್ಟಾಗ ಕ್ರಮ

ಮೊದಲನೆಯದಾಗಿ, ಯಂತ್ರವನ್ನು ಅಂಗಡಿಗೆ ಒಪ್ಪಿಸುವಾಗ ಕ್ರಮಸಂಖ್ಯೆ, ತಾರೀಖು ಮತ್ತು ದೂರನ್ನು ನಮೂದಿಸಿದ ಜಾಬ್ ಕಾರ್ಡು ಅಥವಾ ರಸೀದಿ ಪಡೆಯಬೇಕು. ಕೊಡದಿದ್ದರೆ ಯಂತ್ರವನ್ನು ಅಂಗಡಿಯ ಫಲಕ ಕಾಣುವಂತೆ ಇರಿಸಿ ಮೊಬೈಲಿನಲ್ಲಿ ಚಿತ್ರ ತೆಗೆದು, ಅಂದೇ ಅಂಗಡಿಯವರಿಗೆ ಸಂದೇಶ ಕಳುಹಿಸಿರಿ.

ಎರಡನೆಯದಾಗಿ, ಹೇಳಿದ ದಿನ ಮೀರಿದರೆ ಫೋನಿನಲ್ಲಿ ಕೂಗಾಡದೆ ಪತ್ರ ಬರೆಯಿರಿ. ಅಂಗಡಿಗೆ ಒಂದು, ಕಂಪನಿಗೆ ಒಂದು, ನಮ್ಮಲ್ಲಿ ಒಂದು ಪ್ರತಿ. ರಿಜಿಸ್ಟರ್ ಅಂಚೆಯು 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಗಿದೆ. ಆದುದರಿಂದ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ, ತಲುಪಿದ್ದಕ್ಕೆ ಆಧಾರವನ್ನು ತೆಗೆದಿಡಿರಿ. ಗಡಿಯಾಚೆಯ ಅಂಗಡಿಗಾದರೆ ಅವರಿಗೆ ತಿಳಿಯುವ ಮರಾಠಿ ಅಥವಾ ಇಂಗ್ಲಿಷಿನಲ್ಲಿ ಬರೆಸುವುದು ಲೇಸು. ಮಾದರಿ ಹೀಗಿದೆ:

ಮಾನ್ಯರೇ,
ದಿನಾಂಕ ........ ರಂದು ಬಿಲ್ಲು ಸಂಖ್ಯೆ ........ ರಂತೆ ತಮ್ಮಲ್ಲಿ ........ ಯಂತ್ರವನ್ನು (ಕ್ರಮಸಂಖ್ಯೆ ........) ರೂ. ........ ಕೊಟ್ಟು ಕೊಂಡಿದ್ದೇನೆ. ವಾರಂಟಿ ........ ರವರೆಗೆ ಇದೆ. ದಿನಾಂಕ ........ ರಂದು ಯಂತ್ರವು ........ ತೊಂದರೆಯಿಂದ ನಿಂತುದರಿಂದ ಅದನ್ನು ತಮಗೆ ಒಪ್ಪಿಸಿದೆನು. ಈವರೆಗೆ ರಿಪೇರಿಯಾಗಿಲ್ಲ. ಈ ಪತ್ರ ತಲುಪಿದ 15 ದಿನಗಳೊಳಗೆ ರಿಪೇರಿ ಮಾಡಿಕೊಡಬೇಕು, ಇಲ್ಲವೆ ಯಂತ್ರ ಬದಲಿಸಿ ಕೊಡಬೇಕು. ತಪ್ಪಿದಲ್ಲಿ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ. ಬಿಲ್ಲು, ವಾರಂಟಿ ಕಾರ್ಡು ಮತ್ತು ಜಾಬ್ ಕಾರ್ಡಿನ ಪ್ರತಿಗಳನ್ನು ಲಗತ್ತಿಸಿದೆ.

ಮೂರನೆಯದಾಗಿ, ರಾಷ್ಟ್ರೀಯ ಗ್ರಾಹಕರ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿರಿ. ಕನ್ನಡದಲ್ಲಿ ಮಾತನಾಡಬಹುದು. ಸಹಾಯವಾಣಿಗೆ ತೀರ್ಪು ಕೊಡುವ ಅಧಿಕಾರವಿಲ್ಲ. ಅದು ಕಂಪನಿಗೆ ದೂರು ಮುಟ್ಟಿಸಿ ಉತ್ತರ ಕೇಳುತ್ತದೆ. ಅಂಗಡಿಯವರಿಗೆ ಅಂಜದ ಕಂಪನಿ ಇಂತಹ ದೂರಿಗೆ ಉತ್ತರಿಸುವುದುಂಟು. ಯಂತ್ರ ಸರಕಾರದ ಸಹಾಯಧನದಲ್ಲಿ ಬಂದುದಾದರೆ, ಅದನ್ನು ಮಂಜೂರು ಮಾಡಿದ ರೈತ ಸಂಪರ್ಕ ಕೇಂದ್ರ ಅಥವಾ ತೋಟಗಾರಿಕೆ ಕಚೇರಿಗೂ ಒಂದು ಪ್ರತಿ ಕೊಡಬೇಕು.

ಇಷ್ಟರ ನಡುವೆ ಬೆಳೆ ಕಾಯುವುದಿಲ್ಲ. ನೆರೆಯವರಿಂದಲೋ ಯಂತ್ರ ಬಾಡಿಗೆ ಕೇಂದ್ರದಿಂದಲೋ ಪಂಪು ತಂದು ಮೊದಲು ಮದ್ದು ಹೊಡೆಯಿರಿ. ಬಾಡಿಗೆಯ ರಸೀದಿಯನ್ನು ಇಟ್ಟುಕೊಂಡರೆ ಮುಂದೆ ಪರಿಹಾರದಲ್ಲಿ ಅದನ್ನು ಕೇಳಬಹುದು. ಬೆಳೆ ಉಳಿಸಲು ಯತ್ನಿಸದೆ ಕೈಕಟ್ಟಿ ಕುಳಿತವರ ನಷ್ಟದ ಲೆಕ್ಕಕ್ಕೆ ಬೆಲೆ ಕಡಿಮೆ.

ಆಯೋಗದ ಮೆಟ್ಟಿಲು

‘ಬೆಳೆ ಮಾರಿ ಲಾಭ ಮಾಡುವ ರೈತರು ಗ್ರಾಹಕರೇ ಅಲ್ಲ’ ಎಂಬ ವಾದವನ್ನು ಕೆಲವರು ಹೂಡುತ್ತಾರೆ. ರಾಷ್ಟ್ರೀಯ ಬೀಜ ನಿಗಮದ ವಿರುದ್ಧ ಆಂಧ್ರದ ರೈತರು ತಂದ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2012ರ ಜನವರಿಯಲ್ಲಿ ಈ ವಾದವನ್ನು ತಳ್ಳಿಹಾಕಿತು. ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿಯೇ ಬಳಸುವ ವಸ್ತು ವಾಣಿಜ್ಯ ಉದ್ದೇಶದ್ದಲ್ಲವೆಂದು ಕಾಯ್ದೆಯೇ ಹೇಳುತ್ತದೆ. ಒಂದಿಬ್ಬರ ಸಹಾಯ ಪಡೆದ ಮಾತ್ರಕ್ಕೆ ಈ ಹಕ್ಕು ಹೋಗದೆಂದು 1995ರಲ್ಲಿಯೇ ಅದೇ ನ್ಯಾಯಾಲಯ ತಿಳಿಸಿದೆ. ಆದರೆ ಹತ್ತು ಯಂತ್ರಗಳನ್ನಿಟ್ಟು ಬಾಡಿಗೆಯ ವ್ಯಾಪಾರ ಮಾಡುವವರಿಗೆ ಈ ರಕ್ಷಣೆ ಸಿಗುವುದು ಕಷ್ಟ.

ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರದ ದೂರುಗಳು ಜಿಲ್ಲಾ ಆಯೋಗಕ್ಕೆ ಸೇರುತ್ತವೆ. 5 ಲಕ್ಷದವರೆಗಿನ ಖರೀದಿಗೆ ದೂರಿನ ಶುಲ್ಕವಿಲ್ಲ. ನಮ್ಮ ಯಂತ್ರಗಳೆಲ್ಲ ಬಹುಶಃ ಇದರೊಳಗೇ ಬರುತ್ತವೆ. ವಕೀಲರಿಲ್ಲದೆ ತಾವೇ ದೂರು ನಡೆಸಬಹುದು. ಕಾರಣ ಉಂಟಾದ ದಿನದಿಂದ 2 ವರ್ಷದೊಳಗೆ ದೂರು ಸಲ್ಲಿಸಬೇಕು. ಅಂಗಡಿ ಮತ್ತು ಕಂಪನಿ ಇಬ್ಬರನ್ನೂ ಎದುರು ಪಕ್ಷ ಮಾಡಿದರೆ ಒಬ್ಬರು ಇನ್ನೊಬ್ಬರ ಮೇಲೆ ಹಾಕಿ ಜಾರಿಕೊಳ್ಳಲಾರರು. 2025ರ ಜನವರಿ 1ರಂದು ಆರಂಭವಾದ ಇ-ಜಾಗೃತಿ ಜಾಲತಾಣದ ಮೂಲಕ ಊರಿನಿಂದಲೇ ದೂರು ಸಲ್ಲಿಸಬಹುದು. ವಿಡಿಯೋ ಮೂಲಕ ವಿಚಾರಣೆ ನಡೆಸುವಂತೆ ಬೇಡಿಕೊಳ್ಳಲೂ ಅವಕಾಶವಿದೆ. ಅಥಣಿಯಿಂದ ಬೆಳಗಾವಿಗೆ ಓಡಾಡುವವರಿಗೆ ಇದು ದೊಡ್ಡ ಅನುಕೂಲ.

ರಿಪೇರಿ, ಬದಲಿ ಯಂತ್ರ, ಹಣ ವಾಪಸು, ನಷ್ಟ ಪರಿಹಾರ ಇವುಗಳನ್ನು ಆಯೋಗ ಆದೇಶಿಸಬಹುದು. ಪರೀಕ್ಷೆ ಬೇಡದ ದೂರನ್ನು 3 ತಿಂಗಳಲ್ಲಿ, ಪರೀಕ್ಷೆ ಬೇಕಾದುದನ್ನು 5 ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ಕಾರ್ಯತಃ ಹೆಚ್ಚು ಕಾಲ ಹಿಡಿಯುವುದುಂಟು. ಹಾಗಾಗಿ ಆಯೋಗವನ್ನು ಕೊನೆಯ ಮೆಟ್ಟಿಲೆಂದು ತಿಳಿದು, ಮೊದಲ ಮೆಟ್ಟಿಲುಗಳನ್ನು ಗಟ್ಟಿಯಾಗಿ ಹತ್ತಬೇಕು.

ಒಬ್ಬರಿಗಿಂತ ಹತ್ತು ಮಂದಿ

1981ರಲ್ಲಿ ನಿಪ್ಪಾಣಿಯ ತಂಬಾಕು ಬೆಳೆಗಾರರು ಬೆಲೆಗಾಗಿ ಒಟ್ಟಾಗಿ ಹೆದ್ದಾರಿಯಲ್ಲಿ ಕುಳಿತುದನ್ನು ಆ ಸೀಮೆಯವರು ಮರೆತಿಲ್ಲ. ಯಂತ್ರದ ವಿಷಯದಲ್ಲಿ ರಸ್ತೆಗೆ ಇಳಿಯಬೇಕಾಗಿಲ್ಲ, ಲೆಕ್ಕ ಇಟ್ಟರೆ ಸಾಕು. ಯಾವ ಸದಸ್ಯರು ಯಾವ ಯಂತ್ರವನ್ನು ಎಲ್ಲಿ ಕೊಂಡರು, ಎಷ್ಟು ಬಾರಿ ಕೆಟ್ಟಿತು, ಎಷ್ಟು ದಿನ ಅಂಗಡಿಯಲ್ಲಿ ಇತ್ತು ಎಂಬ ಪಟ್ಟಿಯನ್ನು ಪ್ರತಿ ಸಹಕಾರ ಸಂಘವೂ ಇಟ್ಟರೆ ಮುಂದಿನ ವರ್ಷ ಕೊಳ್ಳುವವರಿಗೆ ಅದೇ ದಾರಿದೀಪ. ಒಂದೇ ಮಾದರಿಯ ಯಂತ್ರವನ್ನು ಹತ್ತು ಮಂದಿ ಕೊಂಡರೆ ಪ್ಲಗ್ಗು, ಡಯಾಫ್ರಾಮು, ವಾಷರುಗಳನ್ನು ಸಂಘದಲ್ಲಿಯೇ ದಾಸ್ತಾನು ಮಾಡಬಹುದು. ಒಂದೇ ಬಗೆಯ ತೊಂದರೆಗೆ ಸಿಕ್ಕಿದ ಹಲವರು ಆಯೋಗದ ಅನುಮತಿ ಪಡೆದು ಒಟ್ಟಾಗಿ ದೂರು ಕೊಡಲು ಕಾಯ್ದೆಯ 35ನೆಯ ಕಲಮಿನಲ್ಲಿ ಅವಕಾಶವಿದೆ. ಒಬ್ಬರ ಪತ್ರವನ್ನು ಬದಿಗಿಡುವ ಡೀಲರು ಹತ್ತು ಸಹಿಗಳ ಪತ್ರವನ್ನು ಓದದೆ ಬಿಡಲಾರರು.

ಚರ್ಚೆಗೆ ಪ್ರಶ್ನೆಗಳು

1. ನಿಮ್ಮ ಮನೆಯ ಯಂತ್ರಗಳ ಬಿಲ್ಲು ಮತ್ತು ವಾರಂಟಿ ಕಾರ್ಡು ಈಗ ಎಲ್ಲಿವೆ? ಕ್ರಮಸಂಖ್ಯೆ ತಾಳೆಯಾಗುತ್ತದೆಯೇ?
2. ನಿಮ್ಮ ಯಂತ್ರದ ಕೈಪಿಡಿಯಂತೆ ಲೀಟರ್ ಪೆಟ್ರೋಲಿಗೆ ಎಷ್ಟು ಮಿ.ಲೀ. ಎಣ್ಣೆ ಹಾಕಬೇಕು?
3. ದೋಷಕ್ಕೂ ಸೇವೆಯ ನ್ಯೂನತೆಗೂ ಇರುವ ವ್ಯತ್ಯಾಸವನ್ನು ನಿಮ್ಮ ಊರಿನ ಒಂದು ಉದಾಹರಣೆಯಿಂದ ವಿವರಿಸಿರಿ.
4. ಮುಂದಿನ ಮುಂಗಾರಿಗೆ ಮೊದಲು ನಮ್ಮ ಸಂಘವು ಯಾವ ಬಿಡಿಭಾಗಗಳನ್ನು ತರಿಸಿಡಬೇಕು?